ಕೈ ತಿರುಗಿಸುವುದು ಯಾವುದನ್ನು, ಮುಳ್ಳು ತೋರಿಸುವುದು ಯಾವುದನ್ನು: ಒಂದು ಭೌತಶಾಸ್ತ್ರ ಪ್ರಯೋಗ ಪೆಟ್ಟಿಗೆಯ ವಿಮರ್ಶೆ

ಬೆಂಗಳೂರಿನ ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆಯ ಅಂಗಡಿಗಳಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮಕ್ಕಳಿಗೆಂದು ಮಾರುವ ರಟ್ಟಿನ ಪೆಟ್ಟಿಗೆಯೊಂದಿದೆ. ಮೇಲೆ ‘ಗ್ರಾಫ್ ಮೂಲಕ ಭೌತಶಾಸ್ತ್ರ’ ಎಂಬ ಅರ್ಥದ ಸಾಲು ಇರುತ್ತದೆ. ಹೆಚ್ಚುಕಡಿಮೆ ಇದೇ ಸಾಮಾನು ಬೇರೆ ಬೇರೆ ಲೇಬಲ್ ಅಂಟಿಸಿಕೊಂಡು ಬರುವುದರಿಂದ ತಯಾರಕರ ಹೆಸರು ಇಲ್ಲಿ ಮುಖ್ಯವಲ್ಲ. ಒಳಗಿರುವುದು ಇಷ್ಟು: 25 ಮಿ.ಮೀ. ವ್ಯಾಸದ ಲೋಹದ ಗುಂಡು, ಹತ್ತಿ ದಾರ, ಸೀಳಿದ ಬಿರಡೆ, ಅರ್ಧ ಮೀಟರ್ ಎತ್ತರದ ಮಡಿಸುವ ಸ್ಟ್ಯಾಂಡ್, ಒಂದು ಸ್ಪ್ರಿಂಗ್, 50 ಗ್ರಾಂನ ಐದು ತೂಕಗಳು, ನಾಲ್ಕು ಸೆಲ್ ಹಿಡಿಯುವ ಹೋಲ್ಡರ್, 10 ಓಮ್‌ನ ರೋಧಕ, ತಿರುಗಿಸಿ ರೋಧ ಬದಲಿಸುವ ಒಂದು ಪಾಟ್ (ಪೊಟೆನ್ಶಿಯೋಮೀಟರ್), ಹಳದಿ ಬಣ್ಣದ ಎರಡು ಅಗ್ಗದ ಮಲ್ಟಿಮೀಟರ್, ಕೆಂಪು ದ್ರವದ ಥರ್ಮಾಮೀಟರ್, ಹತ್ತು ಗ್ರಾಫ್ ಶೀಟ್, ಜೊತೆಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಚ್ಚಾದ ತೆಳ್ಳಗಿನ ಕೈಪಿಡಿ.

ಇಂಥ ಪೆಟ್ಟಿಗೆಯನ್ನು ಹೊಳಪು ನೋಡಿ, ಸಾಮಾನು ಎಣಿಸಿ ಅಳೆಯಬಾರದು. ಕೇಳಬೇಕಾದ ಪ್ರಶ್ನೆ ಒಂದೇ: ನಾವು ಬದಲಿಸುವ ರಾಶಿಯನ್ನು, ಅಂದರೆ ಸ್ವತಂತ್ರ ಚರವನ್ನು, ಎಷ್ಟು ದೂರದವರೆಗೆ, ಎಷ್ಟು ಹೆಜ್ಜೆಗಳಲ್ಲಿ ಬದಲಿಸಲು ಈ ಸಾಮಾನು ಬಿಡುತ್ತದೆ? ಹಾಗೆ ಬದಲಿಸುವಾಗ ಉಳಿದವು ಅಲುಗದೆ ನಿಲ್ಲುತ್ತವೆಯೇ? ಅವಲಂಬಿತ ಚರವನ್ನು ಅಳೆಯುವ ಉಪಕರಣ ಎಷ್ಟೇ ಚೆನ್ನಾಗಿರಲಿ, ಈ ಎರಡಕ್ಕೆ ಉತ್ತರ ಸರಿ ಇಲ್ಲದಿದ್ದರೆ ಗ್ರಾಫ್ ಸುಳ್ಳು ಹೇಳುತ್ತದೆ. ಈ ಲೆಕ್ಕದಲ್ಲಿ ಪೆಟ್ಟಿಗೆಯ ಒಂದು ಭಾಗ ಚೆನ್ನಾಗಿದೆ, ಇನ್ನೊಂದನ್ನು ರಿಪೇರಿ ಮಾಡಿಕೊಳ್ಳಬಹುದು, ಮೂರನೆಯದನ್ನು ಮುಟ್ಟುವ ಮೊದಲೇ ಬದಲಿಸಬೇಕು.

ಲೋಲಕದಿಂದ ಶುರು ಮಾಡೋಣ. ಗುಂಡು ಚೆನ್ನಾಗಿದೆ, ಬಿರಡೆಯೂ ದಾರವನ್ನು ಬಿಗಿಯಾಗಿ ಕಚ್ಚುತ್ತದೆ. ತೊಂದರೆ ಇರುವುದು ಸ್ಟ್ಯಾಂಡಿನಲ್ಲಿ. ಅರ್ಧ ಮೀಟರ್ ಎತ್ತರದ ಸ್ಟ್ಯಾಂಡಿಗೆ ಹೆಚ್ಚೆಂದರೆ 45 ಸೆಂ.ಮೀ. ಲೋಲಕ ಕಟ್ಟಬಹುದು. ಕೈಪಿಡಿ 20ರಿಂದ 45 ಸೆಂ.ಮೀ.ವರೆಗೆ ಆರು ಉದ್ದ ಕೊಟ್ಟು, ಉದ್ದವನ್ನು ಎಕ್ಸ್ ಅಕ್ಷಕ್ಕೂ ಆಂದೋಲನಾವಧಿಯನ್ನು ವೈ ಅಕ್ಷಕ್ಕೂ ಹಾಕಿ ‘ವಕ್ರರೇಖೆ ಬರುತ್ತದೆ’ ಎನ್ನುತ್ತದೆ. ಮಕ್ಕಳಿಗೆ ಬರುವುದು ಸರಳರೇಖೆ. ಅದು ಅವರ ತಪ್ಪಲ್ಲ. ಅವಧಿ 20 ಸೆಂ.ಮೀ.ಗೆ 0.90 ಸೆಕೆಂಡ್, 45 ಸೆಂ.ಮೀ.ಗೆ 1.35 ಸೆಕೆಂಡ್. ಈ ಎರಡು ತುದಿಗಳನ್ನು ಸ್ಕೇಲಿನಿಂದ ಸೇರಿಸಿದರೆ ನಡುವಿನ ನಿಜವಾದ ಬಿಂದು ಗೆರೆಯಿಂದ 0.02 ಸೆಕೆಂಡಷ್ಟೇ ಮೇಲಿರುತ್ತದೆ. ಒಂದು ಸೆಂ.ಮೀ.ಗೆ 0.1 ಸೆಕೆಂಡ್ ಎಂಬ ಅಳತೆಯಲ್ಲಿ ಅದು 2 ಮಿ.ಮೀ. ಕೈಗಡಿಯಾರದಲ್ಲಿ ಐದು ಆಂದೋಲನ ಎಣಿಸಿದರೆ ಬೆರಳಿನ ತಡವೇ ಅದನ್ನು ನುಂಗಿಬಿಡುತ್ತದೆ. ಅದೇ ಉದ್ದವನ್ನು 10ರಿಂದ 100 ಸೆಂ.ಮೀ.ವರೆಗೆ ಹಿಗ್ಗಿಸಿ ನೋಡಿ: ನಡುವಿನ ಬಿಂದು ಗೆರೆಯಿಂದ 0.17 ಸೆಕೆಂಡ್ ಮೇಲೇಳುತ್ತದೆ, ಶೀಟಿನ ಮೇಲೆ ಹೆಚ್ಚುಕಡಿಮೆ 1.7 ಸೆಂ.ಮೀ. ವಕ್ರತೆ ಕಣ್ಣಿಗೆ ಹೊಡೆಯುತ್ತದೆ. ಸ್ವತಂತ್ರ ಚರದ ಹರವು ಕಿರಿದಾದರೆ ಯಾವ ವಕ್ರವೂ ನೇರವಾಗಿಯೇ ಕಾಣುತ್ತದೆ.

ಆದ್ದರಿಂದ ಸ್ಟ್ಯಾಂಡನ್ನು ಪಕ್ಕಕ್ಕಿಟ್ಟು ಬಿರಡೆಯನ್ನು ಎತ್ತರದ ಕಪಾಟಿನ ಅಂಚಿಗೆ ಸಿ ಕ್ಲ್ಯಾಂಪ್‌ನಿಂದ ಬಿಗಿಯಿರಿ. 25, 40, 55, 70, 85, 100 ಸೆಂ.ಮೀ. ಸಾಕು. ಪ್ರತಿ ಉದ್ದಕ್ಕೂ 20 ಆಂದೋಲನ ಎಣಿಸಿ, ಮೂರು ಸಲ. ಗುಂಡು ಕೆಳಗಿನ ಮಧ್ಯಬಿಂದು ದಾಟುವಾಗ ಗಡಿಯಾರ ಒತ್ತಿ ‘ಸೊನ್ನೆ’ ಎನ್ನಬೇಕು. ‘ಒಂದು’ ಎಂದು ಶುರು ಮಾಡಿದರೆ 19 ಆಂದೋಲನಕ್ಕೆ 20ರ ಭಾಗಾಕಾರ ಆಗುತ್ತದೆ. ಗುರುತ್ವ ವೇಗೋತ್ಕರ್ಷ 10.8 ಎಂದು ಬಂದರೆ ಬೇರೆಲ್ಲೂ ಹುಡುಕಬೇಡಿ, ಎಣಿಕೆ ಅಲ್ಲೇ ತಪ್ಪಿದೆ. ಬೆಂಗಳೂರಿನಲ್ಲಿ ಬರಬೇಕಾದ ಬೆಲೆ 9.78 ಮೀ/ಸೆ². ಸಮಭಾಜಕಕ್ಕೆ ಹತ್ತಿರ, ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರ ಇರುವುದರಿಂದ ಪುಸ್ತಕದ 9.81ಕ್ಕಿಂತ ಇಲ್ಲಿ ಕಡಿಮೆ. ಸರಿಯಾಗಿ ಮಾಡಿದರೆ 25 ಸೆಂ.ಮೀ.ಗೆ 20 ಆಂದೋಲನಕ್ಕೆ 20.1 ಸೆಕೆಂಡ್, 100 ಸೆಂ.ಮೀ.ಗೆ 40.2 ಸೆಕೆಂಡ್ ಆಸುಪಾಸು ಬರುತ್ತದೆ.

ಇಲ್ಲಿ ಕೈಪಿಡಿ ಮಾಡಿರುವ ಒಂದು ತಪ್ಪು ಸಣ್ಣದಾಗಿ ಕಂಡರೂ ಪಾಠದ ತಿರುಳನ್ನೇ ಕೆಡಿಸುತ್ತದೆ. ‘ಪ್ರತಿ ಸಲವೂ ಗುಂಡನ್ನು 10 ಸೆಂ.ಮೀ. ಪಕ್ಕಕ್ಕೆ ಎಳೆದು ಬಿಡಿ’ ಎಂದಿದೆ. ಎಳೆತವನ್ನು ಒಂದೇ ಸಮ ಇಟ್ಟಂತೆ ಕಾಣುತ್ತದಲ್ಲವೇ? ಇಡಬೇಕಾದದ್ದು ಕೋನವನ್ನು. 100 ಸೆಂ.ಮೀ. ದಾರಕ್ಕೆ 10 ಸೆಂ.ಮೀ. ಎಳೆದರೆ 6 ಡಿಗ್ರಿಯೂ ಆಗುವುದಿಲ್ಲ. 25 ಸೆಂ.ಮೀ. ದಾರಕ್ಕೆ ಅದೇ 10 ಸೆಂ.ಮೀ. ಎಳೆದರೆ 23 ಡಿಗ್ರಿ ದಾಟುತ್ತದೆ, ಅವಧಿ ಶೇ. 1ರಷ್ಟು ಹಿಗ್ಗುತ್ತದೆ. ಉದ್ದವೊಂದನ್ನೇ ಬದಲಿಸುತ್ತಿದ್ದೇವೆ ಎಂದುಕೊಂಡು ಉದ್ದದ ಜೊತೆ ಕೋನವನ್ನೂ ಬದಲಿಸಿದಂತಾಯಿತು. ಗ್ರಾಫಿನಲ್ಲಿ ಇವೆರಡರ ಪರಿಣಾಮ ಬೆರೆತು ಹೋದ ಮೇಲೆ ಬಿಡಿಸುವವರು ಯಾರೂ ಇಲ್ಲ. ಎಳೆತ ಉದ್ದದ ಏಳನೇ ಒಂದು ಭಾಗ ಇರಲಿ: 100ಕ್ಕೆ 14 ಸೆಂ.ಮೀ., 25ಕ್ಕೆ ಮೂರೂವರೆ ಸೆಂ.ಮೀ. ಕೋನ ಎಲ್ಲಕ್ಕೂ 8 ಡಿಗ್ರಿ ಆಸುಪಾಸಿನಲ್ಲಿ ನಿಲ್ಲುತ್ತದೆ.

ಇನ್ನು ಗ್ರಾಫ್ ಬಿಡಿಸುವುದರ ನಿಜವಾದ ಲಾಭ. ಲೋಲಕದ ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯಬೇಕು. ಗುಂಡಿನ ಮೇಲ್ತುದಿಗೇ ನಿಲ್ಲಿಸುವುದು ತುಂಬಾ ಸಾಮಾನ್ಯವಾದ ತಪ್ಪು. ಹಾಗೆ ಮಾಡಿದಾಗ 25 ಸೆಂ.ಮೀ.ನ ಒಂದೇ ಅಳತೆಯಿಂದ ಲೆಕ್ಕ ಹಾಕಿದರೆ 9.31 ಬರುತ್ತದೆ, 100 ಸೆಂ.ಮೀ.ನಿಂದ 9.66. ಅದೇ ತಪ್ಪು ಅಳತೆಗಳನ್ನೇ ಇಟ್ಟುಕೊಂಡು ಉದ್ದವನ್ನು ಎಕ್ಸ್ ಅಕ್ಷಕ್ಕೆ, ಅವಧಿಯ ವರ್ಗವನ್ನು ವೈ ಅಕ್ಷಕ್ಕೆ ಹಾಕಿ ಗೆರೆ ಎಳೆದರೆ ಇಳಿಜಾರು ಕೆಡುವುದೇ ಇಲ್ಲ. 39.48 ಅನ್ನು, ಅಂದರೆ 4π² ಅನ್ನು, ಆ ಇಳಿಜಾರಿನಿಂದ ಭಾಗಿಸಿದರೆ 9.78 ಬರುತ್ತದೆ. ಗೆರೆ ಮೂಲಬಿಂದುವಿನ ಮೂಲಕ ಹೋಗದೆ ವೈ ಅಕ್ಷವನ್ನು 0.05ರಲ್ಲಿ ಕಡಿಯುತ್ತದೆ, ಎಡಕ್ಕೆ ಎಳೆದರೆ ಎಕ್ಸ್ ಅಕ್ಷವನ್ನು ಸೊನ್ನೆಗಿಂತ 1.25 ಸೆಂ.ಮೀ. ಹಿಂದೆ ಮುಟ್ಟುತ್ತದೆ. ಅದು ಗುಂಡಿನ ತ್ರಿಜ್ಯವೇ! ನಾವು ಮರೆತದ್ದನ್ನು ಗ್ರಾಫ್ ಅಳೆದು ಕೊಡುತ್ತದೆ. ಕೈಪಿಡಿ ‘ಗೆರೆಯನ್ನು ಮೂಲಬಿಂದುವಿಗೆ ಸೇರಿಸಿ’ ಎಂದು ಬಲವಂತ ಮಾಡಿ ಈ ಚೆಂದವನ್ನು ಅಳಿಸಿ ಹಾಕಿದೆ. ಆ ಸಾಲನ್ನು ಪೆನ್ನಿನಿಂದ ಹೊಡೆದು ಹಾಕಿ.

ಓಮ್ ನಿಯಮದ ಭಾಗವನ್ನು ಬಿಚ್ಚುವ ಮೊದಲೇ ಒಂದು ಎಚ್ಚರಿಕೆ. ಪೆಟ್ಟಿಗೆಯ 10 ಓಮ್ ರೋಧಕ ಕಾಲು ವ್ಯಾಟಿನದು. ಅದು ತಾಳುವ ವೋಲ್ಟೇಜ್ 1.6 ದಾಟುವುದಿಲ್ಲ, ಅಂದರೆ ಒಂದು ಸೆಲ್. ಕೈಪಿಡಿ ಒಂದು, ಎರಡು, ಮೂರು, ನಾಲ್ಕು ಸೆಲ್ ಹಾಕಲು ಹೇಳುತ್ತದೆ. ನಾಲ್ಕಕ್ಕೆ 6 ವೋಲ್ಟ್, 600 ಮಿಲಿಆಂಪ್, 3.6 ವ್ಯಾಟ್. ರೋಧಕ ಕಪ್ಪಾಗಿ ಹೊಗೆ ಬರುತ್ತದೆ. ಅದಕ್ಕೂ ಮೊದಲು ಮಲ್ಟಿಮೀಟರಿನ 200 ಮಿಲಿಆಂಪ್ ರೇಂಜಿನ ಫ್ಯೂಸ್ ಹಾರುವ ಸಾಧ್ಯತೆಯೇ ಹೆಚ್ಚು. ಸುಡದಿದ್ದರೂ ಕಾವೇರಿದಂತೆ ರೋಧವೇ ಸರಿದಾಡುತ್ತದೆ, ‘ತಾಪ ಸ್ಥಿರವಾಗಿದ್ದಾಗ’ ಎಂಬ ನಿಯಮದ ಮೊದಲ ಷರತ್ತೇ ಮುರಿಯುತ್ತದೆ. ಎಸ್.ಪಿ. ರಸ್ತೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾದರೂ 100 ಓಮ್, 1 ಅಥವಾ 2 ವ್ಯಾಟಿನ ರೋಧಕ ಕೇಳಿ. 6 ವೋಲ್ಟಿಗೆ 60 ಮಿಲಿಆಂಪ್ ಹರಿಯುತ್ತದೆ, 0.36 ವ್ಯಾಟ್. ಮೀಟರಿಗೂ ಸುರಕ್ಷಿತ, ರೋಧಕವೂ ತಣ್ಣಗಿರುತ್ತದೆ.

ಎರಡನೆಯ ಕೊರತೆ ಹೆಜ್ಜೆಗಳದು. ಸೆಲ್ ಎಣಿಸಿ ವೋಲ್ಟೇಜ್ ಬದಲಿಸಿದರೆ ನಾಲ್ಕೇ ಬಿಂದು. ಅದಕ್ಕೆಂದೇ ಪಾಟ್ ಕೊಟ್ಟಿದ್ದಾರೆ, ಆದರೆ ಚಿತ್ರದಲ್ಲಿ ಅದರ ಎರಡೇ ಕಾಲುಗಳಿಗೆ ತಂತಿ ಹಚ್ಚಿ ಸರಣಿಯಲ್ಲಿ ಸೇರಿಸಿದ್ದಾರೆ. ಹಾಗೆ ಸೇರಿಸಿದ 100 ಓಮ್‌ನ ಪಾಟ್ ಪ್ರವಾಹವನ್ನು 60ರಿಂದ 30 ಮಿಲಿಆಂಪ್‌ವರೆಗೆ ಇಳಿಸುತ್ತದೆ, ಅದರ ಕೆಳಗೆ ಹೋಗುವುದಿಲ್ಲ. ಗ್ರಾಫಿನ ಕೆಳಗಿನ ಅರ್ಧ ಖಾಲಿ. ಮೂರೂ ಕಾಲು ಬಳಸಿ: ಹೊರಗಿನ ಎರಡನ್ನು ಬ್ಯಾಟರಿಯ ಎರಡು ತುದಿಗೆ, ನಡುವಿನದನ್ನು ಮಿಲಿಆಂಪ್ ಮೀಟರಿನ ಮೂಲಕ ರೋಧಕಕ್ಕೆ, ರೋಧಕದ ಇನ್ನೊಂದು ತುದಿಯನ್ನು ಬ್ಯಾಟರಿಯ ಋಣ ತುದಿಗೆ. ಈಗ ಸೊನ್ನೆಯಿಂದ 6 ವೋಲ್ಟಿನವರೆಗೆ ಬೇಕಾದಲ್ಲಿ ನಿಲ್ಲಿಸಬಹುದು. ಮೇಲ್ತುದಿಯ ಹತ್ತಿರ ಪಾಟಿನ ತಂತಿಯಲ್ಲಿ 120 ಮಿಲಿಆಂಪ್‌ವರೆಗೆ ಹರಿಯುವುದರಿಂದ ಅದು 3 ವ್ಯಾಟಿನ ವೈರ್‌ವೌಂಡ್ ಪಾಟ್ ಆಗಿರಬೇಕು. ಸಣ್ಣ ಕಾರ್ಬನ್ ಪಾಟ್ ಆದರೆ ಸುಟ್ಟ ವಾಸನೆ ಖಚಿತ. ವೋಲ್ಟ್‌ಮೀಟರಿನ ಕಡ್ಡಿಗಳನ್ನು ರೋಧಕದ ಎರಡು ಕಾಲಿಗೇ ಹಚ್ಚಿ. ಮಿಲಿಆಂಪ್ ಮೀಟರನ್ನೂ ಸೇರಿಸಿ ಅಳೆದರೆ ಅದರೊಳಗಿನ ಒಂದೆರಡು ಓಮ್ ರೋಧವೂ ಲೆಕ್ಕಕ್ಕೆ ಬಂದು ಇಳಿಜಾರು ಶೇ. 1ರಿಂದ 2ರಷ್ಟು ತಪ್ಪುತ್ತದೆ.

ಪೆಟ್ಟಿಗೆಯ ಅತಿ ದೊಡ್ಡ ಗೊಂದಲವೂ ಇದೇ ಪ್ರಯೋಗದಲ್ಲಿದೆ. ಕೈಪಿಡಿಯ ಮೊದಲ ಪುಟ ‘ಸ್ವತಂತ್ರ ಚರ ಯಾವಾಗಲೂ ಎಕ್ಸ್ ಅಕ್ಷದಲ್ಲಿ’ ಎಂದು ದಪ್ಪಕ್ಷರದಲ್ಲಿ ಸಾರುತ್ತದೆ. ಹನ್ನೊಂದನೇ ಪುಟದಲ್ಲಿ ವೋಲ್ಟೇಜನ್ನು ಬದಲಿಸಿ, ಪ್ರವಾಹವನ್ನು ಓದಿ ಎಂದು ಹೇಳಿ, ಗ್ರಾಫಿನಲ್ಲಿ ಪ್ರವಾಹವನ್ನು ಎಕ್ಸ್ ಅಕ್ಷಕ್ಕೆ ಹಾಕುತ್ತದೆ. ಒಂದು ಮಾತಿನ ವಿವರಣೆಯೂ ಇಲ್ಲ. ಹತ್ತನೇ ತರಗತಿಯ ಪಠ್ಯದ ನಿಕ್ರೋಮ್ ತಂತಿಯ ಗ್ರಾಫೂ ಹೀಗೇ ಇರುವುದರಿಂದ ತಲೆಕೆಡಿಸಿಕೊಳ್ಳುವ ಮಕ್ಕಳು ನಿಜಕ್ಕೂ ಬಹಳ. ಅವರಿಗೆ ಸಿಗಬೇಕಾಗಿದ್ದ ಉತ್ತರ ಹೀಗಿದೆ. ವೋಲ್ಟೇಜನ್ನು ನಿಂತ ಅಕ್ಷದಲ್ಲಿ ಇಡುವುದು ಅನುಕೂಲಕ್ಕೆ: ಇಳಿಜಾರೇ ನೇರವಾಗಿ ರೋಧ ಆಗಲಿ ಎಂದು. ಅಕ್ಷ ಅದಲುಬದಲಾದರೆ ಇಳಿಜಾರು ರೋಧದ ವಿಲೋಮ ಆಗುತ್ತದೆ, ಅಷ್ಟೇ. ವಾಣಿಜ್ಯ ವಿಭಾಗದವರು ಬಿಡಿಸುವ ಬೇಡಿಕೆ ರೇಖೆಯಲ್ಲೂ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ ಕಾಲದಿಂದ ಬೆಲೆ ನಿಂತ ಅಕ್ಷದಲ್ಲೇ ಇದೆ, ಬೆಲೆಯೇ ಕಾರಣ ಎಂದು ಪಾಠ ಮಾಡುತ್ತಲೇ. ಅಕ್ಷ ಒಂದು ರೂಢಿ. ಯಾವುದು ಸ್ವತಂತ್ರ ಎನ್ನುವುದನ್ನು ಅಕ್ಷ ನೋಡಿ ಹೇಳಬಾರದು, ಪ್ರಯೋಗ ಮಾಡಿದವನ ಕೈ ನೋಡಿ ಹೇಳಬೇಕು.

ಕೈ ನೋಡಿದರೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಪಾಟ್ ತಿರುಗಿಸುವಾಗ ನಾವು ವೋಲ್ಟೇಜನ್ನು ತಿರುಗಿಸುತ್ತಿಲ್ಲ, ಪ್ರವಾಹವನ್ನೂ ಅಲ್ಲ. ತಿರುಗುವುದು ಗುಂಡಿ. ಎರಡು ಮೀಟರೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ. ಗುಂಡಿಯನ್ನು ವೋಲ್ಟ್‌ಮೀಟರ್ 1.0, 2.0, 3.0 ತೋರಿಸುವಲ್ಲಿ ನಿಲ್ಲಿಸಿ ಪ್ರವಾಹ ಬರೆದುಕೊಂಡರೆ ವೋಲ್ಟೇಜ್ ಸ್ವತಂತ್ರ. ಮಿಲಿಆಂಪ್ ಮೀಟರ್ 10, 20, 30 ತೋರಿಸುವಲ್ಲಿ ನಿಲ್ಲಿಸಿ ವೋಲ್ಟೇಜ್ ಬರೆದುಕೊಂಡರೆ ಪ್ರವಾಹ ಸ್ವತಂತ್ರ. ಸ್ವತಂತ್ರ ಎನ್ನುವುದು ರಾಶಿಯ ಹುಟ್ಟುಗುಣವಲ್ಲ, ಪ್ರಯೋಗದಲ್ಲಿ ಅದಕ್ಕೆ ಕೊಟ್ಟ ಕೆಲಸ. ರೋಧಕದ ಬದಲು ಎಲ್‌ಇಡಿ ಇಟ್ಟು ನೋಡಿದರೆ ಈ ಆಯ್ಕೆ ಬರಿಯ ಮಾತಲ್ಲ ಎಂಬುದು ಗೊತ್ತಾಗುತ್ತದೆ. ಎಲ್‌ಇಡಿಯ ವೋಲ್ಟೇಜ್ ಒಂದಿಷ್ಟೇ ಏರಿದರೂ ಪ್ರವಾಹ ಹಲವು ಪಟ್ಟು ನೆಗೆಯುತ್ತದೆ, ಅದಕ್ಕೇ ಅಲ್ಲಿ ಪ್ರವಾಹವನ್ನು ಹಿಡಿದು ವೋಲ್ಟೇಜನ್ನು ಓದಬೇಕು. 100 ಓಮ್ ರೋಧಕವನ್ನು ಎಲ್‌ಇಡಿಯ ಜೊತೆ ಸರಣಿಯಲ್ಲಿ ಉಳಿಸಿಕೊಂಡು, 20 ಮಿಲಿಆಂಪ್ ದಾಟದಂತೆ ನೋಡಿಕೊಳ್ಳಿ. ಕೈಪಿಡಿಯಲ್ಲಿ ಈ ಪ್ರಯೋಗವೇ ಇಲ್ಲ, ಇರಬೇಕಿತ್ತು.

ಸ್ಪ್ರಿಂಗಿನ ಭಾಗ ಪೆಟ್ಟಿಗೆಯಲ್ಲೇ ಚೆನ್ನಾಗಿರುವುದು. ತೂಕಗಳನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ಪರೀಕ್ಷಿಸಿಕೊಳ್ಳಬಹುದು. ಏರಿಸುವಾಗ ಐದು, ಇಳಿಸುವಾಗ ಐದು ಓದು ಸಿಗುತ್ತದೆ. ಇಳಿಸುವಾಗಿನ ಓದು ಏರಿಸುವಾಗಿನದಕ್ಕೆ ಹೊಂದದಿದ್ದರೆ ಸ್ಪ್ರಿಂಗ್ ಮಿತಿ ಮೀರಿ ಹಿಗ್ಗಿದೆ ಎಂದರ್ಥ. ಒಂದು ತಿಳಿವಳಿಕೆ ಮಾತ್ರ ಬೇಕು. ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರುವ ಇಂಥ ಸ್ಪ್ರಿಂಗಿನಲ್ಲಿ ಮೊದಲೇ ಬಿಗಿತ ಇರುತ್ತದೆ. ಮೊದಲ 40 ಗ್ರಾಂ ಆ ಬಿಗಿತವನ್ನು ಬಿಡಿಸುವುದಕ್ಕೇ ಹೋಯಿತು ಎಂದುಕೊಳ್ಳಿ. ಆಗ ಮೀಟರಿಗೆ 25 ನ್ಯೂಟನ್ ಬೇಡುವ ಸ್ಪ್ರಿಂಗ್ 50 ಗ್ರಾಂಗೆ ಬರೀ 4 ಮಿ.ಮೀ. ಹಿಗ್ಗುತ್ತದೆ, 250 ಗ್ರಾಂಗೆ 8.2 ಸೆಂ.ಮೀ. ಗೆರೆ ನೇರವಾಗಿಯೇ ಇರುತ್ತದೆ, ಆದರೆ ಮೂಲಬಿಂದುವಿನಿಂದ ಹೊರಡುವುದಿಲ್ಲ. ಬಲವಂತವಾಗಿ ಮೂಲಬಿಂದುವಿಗೆ ಎಳೆದರೆ 25ರ ಜಾಗದಲ್ಲಿ 32 ಬರುತ್ತದೆ, ಕಾಲು ಭಾಗಕ್ಕಿಂತ ಹೆಚ್ಚಿನ ತಪ್ಪು. ತೂಕ ನಾವು ಇಡುವುದು, ಹಿಗ್ಗು ಸ್ಪ್ರಿಂಗ್ ತೋರಿಸುವುದು, ಇಲ್ಲಿ ಗೊಂದಲವಿಲ್ಲ. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಉಕ್ಕಿನ ಸರಳನ್ನು ಎಳೆಯುವ ಯಂತ್ರ ಉದ್ದವನ್ನು ಹಿಗ್ಗಿಸುತ್ತಾ ಹೋಗಿ ಬಲವನ್ನು ಅಳೆಯುತ್ತದೆ, ಅಲ್ಲಿ ಪಾತ್ರ ತಿರುಗುಮುರುಗು. ಹಿಗ್ಗನ್ನು ಎಕ್ಸ್ ಅಕ್ಷಕ್ಕೆ ಹಾಕುವ ಎಂಜಿನಿಯರಿಂಗ್ ರೂಢಿ ಆ ಯಂತ್ರಕ್ಕೆ ಚೆನ್ನಾಗಿಯೇ ಒಪ್ಪುತ್ತದೆ.

ಥರ್ಮಾಮೀಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿನೀರು ಆರುವ ಗ್ರಾಫಿಗೆ ಸಾಕು. ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುವುದರಿಂದ ಕುದಿವ ನೀರಿನಲ್ಲಿ ಅದ್ದಿ ‘ಮೂರು ಡಿಗ್ರಿ ಕಡಿಮೆ ತೋರಿಸುತ್ತದೆ’ ಎಂದು ಅಂಗಡಿಗೆ ಹಿಂದಿರುಗಿಸಬೇಡಿ. ಇಲ್ಲಿ ಸ್ವತಂತ್ರ ಚರ ಕಾಲ, ಅದನ್ನು ಯಾರೂ ತಿರುಗಿಸಲಾರರು, ಯಾವ ಗಳಿಗೆಯಲ್ಲಿ ಓದಬೇಕು ಎಂಬುದನ್ನಷ್ಟೇ ಆರಿಸಬಹುದು. ಫ್ಯಾನ್ ಆಫ್ ಮಾಡಿಡಿ.

ಗ್ರಾಫ್ ಶೀಟುಗಳು ತೆಳು, ರಬ್ಬರ್ ಉಜ್ಜಿದರೆ ಹರಿಯುತ್ತವೆ. ಸ್ಟೀಲ್ ಸ್ಕೇಲ್ ಇಟ್ಟು ನೋಡಿದರೆ 18 ಸೆಂ.ಮೀ. ಎಂದಿರುವುದು ಒಂದೆರಡು ಮಿ.ಮೀ. ಕಡಿಮೆ ಇರಬಹುದು. ಇದರಿಂದ ನಷ್ಟವಿಲ್ಲ, ಬೆಲೆಗಳನ್ನು ಓದುವುದು ಚೌಕಗಳಿಂದಲೇ ಹೊರತು ಸ್ಕೇಲಿನಿಂದಲ್ಲ. ನಷ್ಟ ಆಗುವುದು ಕೋನಮಾಪಕ ಇಟ್ಟು ಇಳಿಜಾರು ಅಳೆಯುವವರಿಗೆ. ಎರಡು ಅಕ್ಷಗಳ ಮಾನವೇ ಬೇರೆ ಇರುವಾಗ ಆ ಕೋನಕ್ಕೆ ಅರ್ಥವಿಲ್ಲ. ಗೆರೆಯ ಮೇಲೆ ದೂರದೂರದ ಎರಡು ಜಾಗ ಆರಿಸಿ, ಅಳತೆ ಮಾಡಿದ ಬಿಂದುಗಳನ್ನಲ್ಲ, ಅವುಗಳ ವ್ಯತ್ಯಾಸದಿಂದ ಭಾಗಿಸಿ. ಒಂದು ಸೆಂ.ಮೀ.ಗೆ 1, 2, 5 ಅಥವಾ ಅವುಗಳ ಹತ್ತುಪಟ್ಟು ಇರಲಿ. 3 ಇಟ್ಟುಕೊಂಡವರು ಬಿಂದು ಗುರುತಿಸುವಾಗಲೇ ಎಡವುತ್ತಾರೆ.

ಶೀಟಿನ ಬದಲು ಕಂಪ್ಯೂಟರಿನಲ್ಲಿ ಬಿಡಿಸುವವರು ‘ಲೈನ್ ಚಾರ್ಟ್’ ಒತ್ತಬೇಡಿ, ‘ಸ್ಕ್ಯಾಟರ್’ ಒತ್ತಿ. ಲೈನ್ ಚಾರ್ಟ್ ಎಕ್ಸ್ ಅಕ್ಷದ ಸಂಖ್ಯೆಗಳನ್ನು ಹೆಸರುಗಳಂತೆ ಸಮದೂರದಲ್ಲಿ ಸಾಲಾಗಿ ನಿಲ್ಲಿಸಿಬಿಡುತ್ತದೆ. 25, 40, 100 ಎಂಬ ಉದ್ದಗಳು ಒಂದೊಂದೇ ಹೆಜ್ಜೆ ಅಂತರದಲ್ಲಿ ಕೂರುತ್ತವೆ, ನೇರ ಗೆರೆಯೂ ಸೊಟ್ಟಗಾಗುತ್ತದೆ. ಟ್ರೆಂಡ್‌ಲೈನ್, ಅಂದರೆ ಬಿಂದುಗಳಿಗೆ ಹೊಂದುವಂತೆ ಕಂಪ್ಯೂಟರೇ ಎಳೆಯುವ ಗೆರೆ, ಹಾಕುವಾಗ ಅಕ್ಷದ ಆಯ್ಕೆ ರೂಢಿಯಾಗಿ ಉಳಿಯುವುದಿಲ್ಲ ಎಂಬುದನ್ನೂ ಗಮನಿಸಿ. ಅದು ನಿಂತ ದಿಕ್ಕಿನ ತಪ್ಪನ್ನಷ್ಟೇ ಕನಿಷ್ಠ ಮಾಡುತ್ತದೆ, ಎಕ್ಸ್ ಬೆಲೆಗಳಲ್ಲಿ ತಪ್ಪೇ ಇಲ್ಲ ಎಂದು ನಂಬುತ್ತದೆ. ಆದ್ದರಿಂದ ಹೆಚ್ಚು ಖಚಿತವಾಗಿ ಇಟ್ಟ ರಾಶಿ ಎಕ್ಸ್‌ನಲ್ಲಿರಬೇಕು. ಅಕ್ಷ ಅದಲುಬದಲು ಮಾಡಿ ಬಂದ ಎರಡು ಇಳಿಜಾರುಗಳನ್ನು ಗುಣಿಸಿದರೆ 1 ಬರುವುದಿಲ್ಲ, ಪರದೆಯ ಮೇಲೆ ತೋರಿಸುವ ಆರ್ ವರ್ಗ (R², ಬಿಂದುಗಳು ಗೆರೆಗೆ ಎಷ್ಟು ಹೊಂದುತ್ತವೆ ಎಂಬ ಅಳತೆ) ಬರುತ್ತದೆ. ಅದು 0.999 ಇದ್ದರೆ ಚಿಂತೆಯಿಲ್ಲ. 0.95 ಇದ್ದರೆ ಎರಡು ಉತ್ತರಗಳ ನಡುವೆ ಶೇ. 5ರ ಅಂತರ.

ಕೊಳ್ಳಬೇಕೇ? ತಿದ್ದಿ ಹೇಳುವ ಮೇಷ್ಟ್ರೋ ಮನೆಯವರೋ ಜೊತೆಗಿದ್ದರೆ ಖಂಡಿತ ಕೊಳ್ಳಿ. ಸ್ಪ್ರಿಂಗ್, ತೂಕಗಳು, ಗುಂಡು, ಬಿರಡೆ, ಎರಡು ಮೀಟರ್ ಒಟ್ಟಿಗೆ ಸಿಗುವುದು ಸಣ್ಣ ಅನುಕೂಲವಲ್ಲ, ಬಿಡಿಬಿಡಿಯಾಗಿ ತರಲು ಅರ್ಧ ದಿನ ಪೇಟೆ ಸುತ್ತಬೇಕು. ಕೈಪಿಡಿಯನ್ನೇ ಗುರು ಎಂದುಕೊಂಡು ಮಗು ಒಂಟಿಯಾಗಿ ಮಾಡುವುದಾದರೆ ಈಗಿರುವ ರೂಪದಲ್ಲಿ ಬೇಡ. ಕೊಂಡ ದಿನವೇ ಎಸ್.ಪಿ. ರಸ್ತೆಯಲ್ಲಿ 100 ಓಮ್ 2 ವ್ಯಾಟ್ ರೋಧಕ ಎರಡು, 100 ಓಮ್ 3 ವ್ಯಾಟ್ ವೈರ್‌ವೌಂಡ್ ಪಾಟ್ ಒಂದು, ಕ್ರೊಕೊಡೈಲ್ ಕ್ಲಿಪ್ ತಂತಿ ಆರು, ಮೀಟರಿಗೆ ಹೊಂದುವ ಬಿಡಿ ಫ್ಯೂಸ್ ಎರಡು ತೆಗೆದುಕೊಳ್ಳಿ. ಫ್ಯೂಸ್ ಕೊಳ್ಳುವಾಗ ಹಳೆಯದನ್ನು ಬಿಚ್ಚಿ ಅಂಗಡಿಯವರಿಗೆ ತೋರಿಸಿ, ಅದರ ಲೋಹದ ಟೋಪಿಯ ಮೇಲೆ ಕೆತ್ತಿದ ಸಂಖ್ಯೆಯದನ್ನೇ ಕೇಳಿ.